ಹಡಗಿನ ಬಫೆಯಲ್ಲಿ ಊಟ ಮುಗಿಯಲ್ಲ, ಟೇಬಲ್ ಮುಗಿಯುತ್ತೆ

28 ವರ್ಷ ಹಾಸನದಲ್ಲಿ ಹುಡುಗಿಯರ ಹಾಸ್ಟೆಲ್ ವಾರ್ಡನ್ ಆಗಿದ್ದೆ. 120 ಹುಡುಗಿಯರು, ಒಂದೇ ಮೆಸ್. ಪೂರಿ ಮಾಡಿದ ದಿನ ಕ್ಯೂ ಎಲ್ಲಿಯವರೆಗೆ ಬರುತ್ತೆ, ಉಪ್ಪಿಟ್ಟು ಮಾಡಿದ ದಿನ ಎಷ್ಟು ಜನ 'ಹಸಿವಿಲ್ಲ ಮಿಸ್' ಅಂತಾರೆ, ಎಲ್ಲಾ ನನಗೆ ಬಾಯಿಪಾಠ. ಹಾಗಾಗಿ ಮಗಳು 'ಅಮ್ಮಾ, ಹಡಗಿನಲ್ಲಿ ಮೂರು ಹೊತ್ತೂ ಬಫೆ, ನೀವೇ ಹಾಕ್ಕೊಂಡು ತಿನ್ನಬೇಕು' ಎಂದಾಗ ನನಗೆ ಭಯವೇನೂ ಆಗಲಿಲ್ಲ. ಸ್ವಲ್ಪ ಆಗಬೇಕಿತ್ತು.

ನಾವು ಹೋಗಿದ್ದು ಅಮೆರಿಕದ ಸಿಯಾಟಲ್‌ನಿಂದ ಅಲಾಸ್ಕಾಕ್ಕೆ, ಪ್ರವಾಸಿ ಹಡಗಿನಲ್ಲಿ 7 ರಾತ್ರಿ. ನಾನು, ನಮ್ಮ ಯಜಮಾನರು, ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು, ಜೊತೆಗೆ ದಾವಣಗೆರೆಯಿಂದ ಬಂದ ಬೀಗರು, ಬೀಗಿತ್ತಿ. ಒಟ್ಟು 8 ಜನ. ಬೀಗರ ಜೊತೆ ಏಳು ದಿನ ಒಂದೇ ಟೇಬಲ್‌ನಲ್ಲಿ ಊಟ ಮಾಡುವುದು ಹೇಗೆ ಅನ್ನೋದು ಬೇರೆಯದೇ ಲೇಖನ. ಇಲ್ಲಿ ಬಫೆಯದ್ದು ಮಾತ್ರ.

ಮೊದಲ ದಿನ ಹಸಿದುಕೊಂಡು ಹತ್ತಬೇಡಿ

ಹಡಗು ಹೊರಡುವುದು ಸಂಜೆ ನಾಲ್ಕಕ್ಕೆ. ಜನರನ್ನು ಹತ್ತಿಸಿಕೊಳ್ಳುವುದು ಬೆಳಿಗ್ಗೆ ಹನ್ನೊಂದರಿಂದ. ರೂಮು ತಯಾರಾಗುವುದು ಒಂದೂವರೆ ಹೊತ್ತಿಗೆ. ನಡುವೆ ಎಲ್ಲಿಗೆ ಹೋಗುವುದು? ಎಲ್ಲರೂ ಲಿಫ್ಟ್ ಹಿಡಿದು ಸೀದಾ ಮೇಲಿನ ಡೆಕ್ಕಿನ ಬಫೆಗೆ. ಕೈಯಲ್ಲಿ ಬ್ಯಾಗು, ಕಂಕುಳಲ್ಲಿ ಜಾಕೆಟ್ಟು, ಜೊತೆಗೆ ಅಳುವ ಮಗು. ಧರ್ಮಸ್ಥಳದಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಜನ ಇರುತ್ತಾರೆ. ಆದರೆ ಅಲ್ಲಿ ಕೂತವರಿಗೆ ಬಡಿಸುತ್ತಾರೆ. ಇಲ್ಲಿ ತುಂಬಿದ ತಟ್ಟೆ ಹಿಡಿದುಕೊಂಡು ಕೂರಲು ಜಾಗ ಹುಡುಕಬೇಕು.

ಬೀಗಿತ್ತಿಯವರಿಗೆ ಎಲ್ಲಿ ಖಾಲಿಯಾಗಿಬಿಡುತ್ತೋ ಎಂಬ ಗಾಬರಿ. ಎಂಟು ಜನರಿಗೂ ಸೇರಿಸಿ ಎರಡು ತಟ್ಟೆ ತುಂಬಾ ಆಲೂಗಡ್ಡೆ, ಬ್ರೆಡ್ಡು, ಕಲ್ಲಂಗಡಿ ಪೇರಿಸಿಕೊಂಡು ಬಂದರು. ನಿಂತೇ ಇದ್ದೆವು, ಹದಿನೈದು ನಿಮಿಷ. ಕಲ್ಲಂಗಡಿ ನೀರು ಬ್ರೆಡ್ಡಿಗೆ ಇಳಿದು ಎರಡೂ ಹಾಳಾಯಿತು. ನಾನು ಅಷ್ಟು ಹೊತ್ತೂ ಅಡುಗೆಯವರ ಕಡೆಯೇ ನೋಡುತ್ತಿದ್ದೆ. ಒಂದು ಟ್ರೇ ಅರ್ಧ ಆಗುವ ಮೊದಲೇ ಹಿಂದಿನಿಂದ ಇನ್ನೊಂದು ಬರುತ್ತಿತ್ತು. ಅವತ್ತೇ ಗೊತ್ತಾಗಿದ್ದು: ಇಲ್ಲಿ ಊಟ ಮುಗಿಯುವ ವಸ್ತುವೇ ಅಲ್ಲ. ಮುಗಿಯುವುದು ಟೇಬಲ್ಲು. ನಮ್ಮ ಅರ್ಧ ತಪ್ಪುಗಳು ಮೊದಲನೆಯದಕ್ಕೆ ಹೆದರಿ, ಎರಡನೆಯದನ್ನು ಮರೆತು ಆಗುವಂಥವು.

ಆದ್ದರಿಂದ ಮೊದಲ ದಿನ ಬೆಳಿಗ್ಗೆ ಹೊಟ್ಟೆ ತುಂಬಾ ತಿಂದು ಹೊರಡಿ. ಕೆಲವು ಹಡಗುಗಳಲ್ಲಿ ಅವತ್ತು ಮಧ್ಯಾಹ್ನ ಕೆಳಗಿನ ದೊಡ್ಡ ಡೈನಿಂಗ್ ರೂಮನ್ನೂ ತೆರೆದಿರುತ್ತಾರೆ, ಕೂರಿಸಿ ಬಡಿಸುತ್ತಾರೆ. ಹತ್ತುವಾಗಲೇ ಸಿಬ್ಬಂದಿಯನ್ನು ಕೇಳಿ. ಇಲ್ಲವೆಂದರೆ ಎರಡು ಗಂಟೆಯ ಮೇಲೆ ಬಫೆಗೆ ಹೋಗಿ. ರೂಮು ಸಿಕ್ಕ ಕೂಡಲೇ ಜನ ಕರಗುತ್ತಾರೆ.

ಟವೆಲ್ ಹಾಕೋ ಬುದ್ಧಿ ಅಲ್ಲೂ ಇದೆ

ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಅದು ನಮ್ಮದೇ ವಿದ್ಯೆ ಎಂದುಕೊಂಡಿದ್ದೆ. ಹಡಗಿನಲ್ಲಿ ನೋಡಿದರೆ ಕಿಟಕಿ ಪಕ್ಕದ ಟೇಬಲ್‌ಗಳ ಮೇಲೆ ಒಂದು ಟೋಪಿ, ಒಂದು ಕಾದಂಬರಿ, ಅರ್ಧ ಕುಡಿದ ಕಾಫಿ. ಮನುಷ್ಯರ ಸುಳಿವಿಲ್ಲ.

ಎಂಟು ಜನ ಇದ್ದರೆ ಹೀಗೆ ಮಾಡಿ. ಮೊದಲು ಇಬ್ಬರು ಕೂರಲಿ. ಉಳಿದವರು ಹೋಗಿ ಹಾಕಿಕೊಂಡು ಬರಲಿ. ಆಮೇಲೆ ಆ ಇಬ್ಬರು ಏಳಲಿ. ಕೂರುವುದು ಮನುಷ್ಯರೇ ಆಗಿರಲಿ, ಸ್ವೆಟರ್ ಅಲ್ಲ. ನಾಲ್ಕು ಟೇಬಲ್ ಎಳೆದು ಜೋಡಿಸಿ ಮದುವೆ ಪಂಕ್ತಿ ಮಾಡಬೇಡಿ, ತಟ್ಟೆ ತೆಗೆಯುವವರಿಗೆ ಓಡಾಡಲು ದಾರಿ ಇರುವುದಿಲ್ಲ. ನಾಲ್ಕು ನಾಲ್ಕಾಗಿ ಕೂತರೆ ಏನೂ ನಷ್ಟವಿಲ್ಲ. ಬೀಗರ ವಿಷಯದಲ್ಲಿ ಲಾಭವೂ ಇದೆ. ತಿಂದಾಯಿತಾ, ಎದ್ದುಬಿಡಿ. ತಟ್ಟೆ ಹಿಡಿದವರು ಸುತ್ತ ನಿಂತಿರುವಾಗ ಊರಿಗೆ ವಿಡಿಯೋ ಕಾಲ್ ಮಾಡಿ, ಸ್ಪೀಕರ್ ಹಾಕಿ, 'ನೋಡ್ರೀ ಎಷ್ಟೊಂದು ಐಟಮ್ಮು' ಎಂದು ತೋರಿಸುತ್ತಾ ಕೂರುವುದನ್ನು ನೋಡಿ ನನಗೇ ನಾಚಿಕೆಯಾಗಿದೆ. ಮಾಡಿದ್ದು ಯಾರು ಎಂದು ಕೇಳಬೇಡಿ, ಸಂಬಂಧ ಉಳಿಯಬೇಕು.

ಅತೀ ಕಷ್ಟದ ದಿನ ಹಿಮನದಿಯ ದಿನ. ನಮ್ಮ ಹಡಗು ಎಂಡಿಕಾಟ್ ಆರ್ಮ್ ಎಂಬ ಕಿರಿದಾದ ಕಡಲ ಕಣಿವೆಯೊಳಗೆ ಡಾಸ್ ಗ್ಲೇಸಿಯರ್ ಕಡೆಗೆ ಹೋಯಿತು. ಹೊರಗೆ ಚಳಿ, ಒಳಗೆ ಗಾಜಿನ ಗೋಡೆ. ಬೆಳಿಗ್ಗೆ ಏಳಕ್ಕೇ ಕಿಟಕಿ ಪಕ್ಕದ ಪ್ರತಿ ಟೇಬಲ್ಲೂ ಭರ್ತಿ. ತಿನ್ನುವವರು ಯಾರೂ ಇಲ್ಲ. ಒಬ್ಬ ಅಜ್ಜಿ ನಾಲ್ಕು ಜನರ ಟೇಬಲ್‌ನಲ್ಲಿ ಒಬ್ಬರೇ ಕೂತು ಉಲ್ಲನ್ ಹೆಣೆಯುತ್ತಿದ್ದರು. ನಾನು ತಟ್ಟೆ ಹಿಡಿದು ಎರಡು ಸುತ್ತು ಹಾಕಿದೆ. ಮೂರನೇ ಸುತ್ತಿಗೆ ವಾರ್ಡನ್ ಮುಖ ಮಾಡಿಕೊಂಡು ಹತ್ತಿರ ಹೋದೆ. ಬಾಯಿಗೆ ಬಂದಿದ್ದು ಮಾತ್ರ ನಮ್ಮ ದರ್ಶಿನಿ ಹೋಟೆಲಿನ ಮಾತು: ಇಲ್ಲಿ ಕೂರಬಹುದಾ? ಆಕೆ ಉಲ್ಲನ್ ಉಂಡೆ ಸರಿಸಿ, 'ಬನ್ನಿ, ಬನ್ನಿ' ಎಂಬಂತೆ ಕೈ ಮಾಡಿ, ತನ್ನ ದುರ್ಬೀನನ್ನು ನನ್ನ ಕಡೆಗೆ ತಳ್ಳಿದರು. ತೇಲುವ ನೀಲಿ ಮಂಜುಗಡ್ಡೆಯ ಮೇಲೆ ಸೀಲ್‌ಗಳು ಬಿದ್ದುಕೊಂಡಿದ್ದವು, ಒಣಗಲು ಹಾಕಿದ ಹಪ್ಪಳದ ಹಾಗೆ ಒಂದರ ಪಕ್ಕ ಒಂದು. ನನ್ನ ಓಟ್ಸ್ ತಣ್ಣಗಾಯಿತು. ಕೇಳಿದರೆ ಹೆಚ್ಚಿನವರು ಜಾಗ ಕೊಡುತ್ತಾರೆ. ಕೇಳದೆ ಬೆನ್ನ ಹಿಂದೆ ನಿಂತು ಉಸಿರು ಬಿಡುವುದು ಮಾತ್ರ ಬೇಡ. ನಮ್ಮ ಮದುವೆ ಹಾಲ್‌ನಲ್ಲಿ ಅದು ನಡೆಯುತ್ತೆ, ಅಲ್ಲಿ ನಡೆಯಲ್ಲ.

ಕ್ಯೂ ಎಲ್ಲಿ, ಕ್ಯೂ ಎಲ್ಲಿಲ್ಲ

ಕೆಲವು ಕಡೆ ಒಂದೇ ಉದ್ದ ಸಾಲು. ಅಲ್ಲಿ ನಡುವೆ ನುಗ್ಗಬಾರದು, ಒಂದೇ ಒಂದು ನಿಂಬೆಹೋಳು ಬೇಕಿದ್ದರೂ. ಈಗಿನ ಹೆಚ್ಚಿನ ಹಡಗುಗಳಲ್ಲಿ ಬಿಡಿ ಬಿಡಿ ಕಟ್ಟೆಗಳು: ಸಲಾಡ್ ಒಂದು, ಬ್ರೆಡ್ ಒಂದು, ಬಿಸಿ ಅಡುಗೆ ಒಂದು. ಅಲ್ಲಿ ಖಾಲಿ ಇದ್ದ ಕಡೆ ಹೋಗಬಹುದು. ನಮ್ಮ ಯಜಮಾನರು ಎರಡು ದಿನ ಅನ್ನಕ್ಕಾಗಿ ಸಲಾಡಿನ ಹಿಂದೆ ಶಿಸ್ತಾಗಿ ನಿಂತರು. ಗೊತ್ತಾಗದಿದ್ದರೆ ಮುಂದಿನವರನ್ನು 'ಆರ್ ಯು ಇನ್ ಲೈನ್?' ಎಂದು ಕೇಳಿ, ಸಾಕು.

ಮೊದಲು ತಟ್ಟೆ ಹಿಡಿಯದೆ ಒಂದು ಸುತ್ತು ಹಾಕಿ. ಇಲ್ಲದಿದ್ದರೆ ಬಾಗಿಲ ಹತ್ತಿರದ ಬ್ರೆಡ್ಡಿನಲ್ಲೇ ಹೊಟ್ಟೆ ತುಂಬಿಸಿಕೊಂಡು, ಕೊನೆಯ ಮೂಲೆಯಲ್ಲಿ ದಾಲ್ ಕಂಡಾಗ ಹಲ್ಲು ಕಡಿಯಬೇಕು.

ಕೈ, ಇಕ್ಕಳ, ಎಂಜಲು

ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ. ಹಡಗಿನಲ್ಲಿ ಎಲ್ಲರೂ ಹೆದರುವುದು ನೊರೊವೈರಸ್‌ಗೆ. ವಾಂತಿ ಭೇದಿ ತರುವ ವೈರಸ್ಸು, ಒಬ್ಬರಿಂದ ಒಬ್ಬರಿಗೆ ಬೇಗ ಹರಡುತ್ತೆ. ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟಿರುತ್ತಾರೆ, ಆದರೆ ಈ ವೈರಸ್ಸಿಗೆ ಅದು ಅಷ್ಟಾಗಿ ನಾಟುವುದಿಲ್ಲ. ಸೋಪು, ನೀರು, 20 ಸೆಕೆಂಡು. ಅದೇ ಮದ್ದು. ಅಮೆರಿಕದ ಆರೋಗ್ಯ ಇಲಾಖೆಯ ಸಿಡಿಸಿಯವರು ಇಂಥ ಹಡಗುಗಳನ್ನು ತಪಾಸಣೆ ಮಾಡಿ 100ಕ್ಕೆ ಅಂಕ ಕೊಡುತ್ತಾರೆ. 85 ಬಂದರೂ ಫೇಲು, 86 ಬೇಕು. 35ಕ್ಕೆ ಪಾಸು ಮಾಡುತ್ತಿದ್ದ ಲೋಕದಿಂದ ಬಂದ ನನಗೆ ಗೌರವ ಮೂಡಿತು. ಬುಕ್ ಮಾಡುವ ಮೊದಲು ನಿಮ್ಮ ಹಡಗಿನ ಅಂಕ ನೋಡಿಕೊಳ್ಳಬಹುದು, ಅವರೇ ಪ್ರಕಟಿಸುತ್ತಾರೆ.

ಈಗ ನಮ್ಮ ವಿಶೇಷ ತೊಂದರೆ. ನಾವು ಕೈಯಲ್ಲಿ ತಿನ್ನುವವರು. ಬಾಗಿಲಲ್ಲಿ ಕೈ ತೊಳೆದೆವು, ಸರಿ. ಆಮೇಲೆ ಸಾವಿರ ಜನ ಹಿಡಿದ ಇಕ್ಕಳ ಹಿಡಿದು, ಸೌಟು ಹಿಡಿದು, ಅದೇ ಕೈಯಲ್ಲಿ ಅನ್ನ ಕಲೆಸಿದರೆ ತೊಳೆದಿದ್ದು ಯಾಕೆ? ತಟ್ಟೆಯನ್ನು ಟೇಬಲ್‌ನಲ್ಲಿಟ್ಟು, ಮತ್ತೊಮ್ಮೆ ಕೈ ತೊಳೆದು ಬಂದು ತಿನ್ನಿ. ಅಥವಾ ಇಕ್ಕಳವನ್ನು ಎಡಗೈಯಲ್ಲೇ ಹಿಡಿಯಿರಿ. ಊಟದ ನಡುವೆ ಬಡಿಸಿಕೊಳ್ಳಲು ಎಡಗೈ ಎಂದು ನಮ್ಮಜ್ಜಿ ತಲೆಗೆ ಮೊಟಕಿ ಕಲಿಸಿದ್ದು ಇಲ್ಲಿ ಕೆಲಸಕ್ಕೆ ಬಂತು. ಕೈಯಲ್ಲಿ ತಿಂದರೆ ಯಾರೂ ನೋಡಲ್ಲ, ಸುಮ್ನೆ ಸಂಕೋಚ ಬೇಡ. ಆದರೆ ತಿಂದ ಮೇಲೆ ತಟ್ಟೆಯಲ್ಲೇ ನೀರು ಹಾಕಿ ಕೈ ತೊಳೆಯಬಾರದು. ನಮ್ಮ ಯಜಮಾನರ ಕೈಯಿಂದ ಲೋಟ ಕಿತ್ತುಕೊಂಡೆ, ಕ್ಷಣದಲ್ಲಿ ತಪ್ಪಿತು.

ಎರಡನೇ ಸಲ ಹೋಗುವಾಗ ಹೊಸ ತಟ್ಟೆ ತೆಗೆದುಕೊಳ್ಳಬೇಕು. ತಿಂದ ತಟ್ಟೆಯನ್ನು ಬಫೆಗೆ ಒಯ್ಯಬಾರದು ಎಂಬುದು ಅಲ್ಲಿನ ನಿಯಮ. ಬೀಗಿತ್ತಿಯವರಿಗೆ 'ಪಾಪ, ತೊಳೆಯೋರಿಗೆ ಕೆಲಸ ಜಾಸ್ತಿ' ಎಂಬ ಕನಿಕರ. 'ಎಂಜಲು ತಟ್ಟೆಗೆ ಸೌಟು ತಗುಲಿದರೆ ಪಾತ್ರೆಯೆಲ್ಲಾ ಎಂಜಲಾಗಲ್ವಾ ಬೀಗಿತ್ತಿ?' ಎಂದೆ. ಅವತ್ತಿನಿಂದ ಅವರೇ ಉಳಿದವರನ್ನು ತಡೆಯುತ್ತಿದ್ದರು.

ಸಸ್ಯಾಹಾರಿಗಳ ಪಾಡು

ತರಕಾರಿ ಸೂಪ್ ಎಂದು ಬರೆದಿದ್ದರೂ ನೀರು ಕೋಳಿಯದ್ದೋ ದನದ್ದೋ ಇರಬಹುದು. ಬೀನ್ಸ್ ಜೊತೆ ಸಣ್ಣಗೆ ಹೆಚ್ಚಿದ ಹಂದಿಮಾಂಸ ಬೆಂದಿರಬಹುದು. ಸೀಸರ್ ಸಲಾಡಿನ ಡ್ರೆಸ್ಸಿಂಗ್‌ನಲ್ಲಿ ಮೀನು ಇರುತ್ತೆ. ಅಲುಗಾಡುವ ಜೆಲ್ಲಿ ಪ್ರಾಣಿಯ ಮೂಳೆ ಚರ್ಮದಿಂದ ಬಂದ ಜೆಲಾಟಿನ್. ಚೀಟಿ ಓದಿ, ಆದರೂ ಅನುಮಾನವಿದ್ದರೆ ಬಿಳಿ ಟೋಪಿಯವರನ್ನು ಕೇಳಿ. ಪಕ್ಕದ ಪಾತ್ರೆಯ ಇಕ್ಕಳ ಇಲ್ಲಿಗೆ ಬಂದುಬಿಡುತ್ತೆ ಎಂಬ ಸತ್ಯವನ್ನು ಒಪ್ಪಿಕೊಂಡೇ ಹೋಗಬೇಕು. ಅದು ಆಗದವರು ಬುಕಿಂಗ್ ಮಾಡುವಾಗಲೇ ಹೇಳಿ, ರಾತ್ರಿ ಡೈನಿಂಗ್ ರೂಮಿನಲ್ಲಿ ಬೇರೆ ಮಾಡಿಸಿಕೊಳ್ಳಿ.

ನಮಗೆ ಈ ಗುಟ್ಟು ಹೇಳಿದ್ದು ಬಫೆಯಲ್ಲಿ ತಟ್ಟೆ ತೆಗೆಯುತ್ತಿದ್ದ ಹುಡುಗ. ಬೀಗರು ನನ್ನ ಜೊತೆ ಕನ್ನಡದಲ್ಲಿ ಉಪ್ಪಿಲ್ಲ, ಖಾರ ಇಲ್ಲ ಎಂದು ಗೊಣಗುತ್ತಿದ್ದಾಗ ಹಿಂದಿನಿಂದ ಧ್ವನಿ: 'ಎಂತ ಬೇಕಿತ್ತಮ್ಮ?' ಕುಂದಾಪುರದವನು. ಆಗಲೇ ಆರು ತಿಂಗಳಿಂದ ಹಡಗಿನಲ್ಲಿದ್ದ. ಡೈನಿಂಗ್ ರೂಮಿನ ಹೆಡ್ ವೇಟರಿಗೆ ಹಿಂದಿನ ರಾತ್ರಿಯೇ ಹೇಳಿದರೆ ಮರುದಿನಕ್ಕೆ ಇಂಡಿಯನ್ ವೆಜ್ ಮಾಡಿಕೊಡುತ್ತಾರೆ ಎಂದ. ಮಾಡಿಕೊಟ್ಟರು, ಚೆನ್ನಾಗಿತ್ತು. ಬೀಗರು ಅವನನ್ನು 'ಸ್ವಲ್ಪ ಸಾರು ನಿಮ್ಮ ಮೆಸ್ಸಿಂದ ತಾರಪ್ಪ' ಎಂದು ಕಾಡತೊಡಗಿದರು. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮೂರಿನವನು ಎಂಬ ಸಲುಗೆಗೆ ಅವನ ಕೆಲಸಕ್ಕೆ ಕುತ್ತು ಬರಬಾರದು.

ಮೊಸರನ್ನದ ದಾರಿ ಹೇಳುತ್ತೇನೆ. ಸಿಹಿ ಹಾಕದ ಮೊಸರು ಬೆಳಿಗ್ಗೆ ಇರುತ್ತೆ, ಮಧ್ಯಾಹ್ನ ಕಾಣಲ್ಲ. ಮಧ್ಯಾಹ್ನ ಅನ್ನ ಇರುತ್ತೆ. 'ಪ್ಲೇನ್ ಯೋಗರ್ಟ್' ಎಂದು ಕೇಳಿದರೆ ಒಳಗಿನಿಂದ ತಂದುಕೊಡುತ್ತಾರೆ. ಉಪ್ಪಿನಕಾಯಿಯ ಸಣ್ಣ ಪ್ಯಾಕೆಟ್ ಸೀಲ್ ಒಡೆಯದೆ ಊರಿಂದ ಒಯ್ಯಿರಿ. ರೈಸ್ ಕುಕ್ಕರ್ ಮಾತ್ರ ಬೇಡ. ಹತ್ತುವಾಗ ಸ್ಕ್ಯಾನಿಂಗ್‌ನಲ್ಲಿ ಸಿಕ್ಕಿಬಿದ್ದು, ಇಳಿಯುವವರೆಗೆ ಅವರ ಕೋಣೆಯಲ್ಲಿ ಕೂರುತ್ತೆ. ಟೀಗೆ ಎರಡು ಬ್ಯಾಗ್ ಹಾಕಿ ಐದು ನಿಮಿಷ ಮುಚ್ಚಿಡಿ, ಕಾಫಿ ಕೌಂಟರಿನಲ್ಲಿ ಬಿಸಿ ಹಾಲು ಕೇಳಿ. ಟೇಬಲ್ ಮೇಲಿನ ಪುಟ್ಟ ಕ್ರೀಮ್ ಡಬ್ಬಿ ಸುರಿದರೆ ಟೀ ಆಗಲ್ಲ, ಬೆಚ್ಚಗಿನ ಬೇಸರ ಆಗುತ್ತೆ.

ಗಡಿಯಾರ ಮತ್ತು ಅಲೆ

ಅಲಾಸ್ಕಾ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ರಾತ್ರಿ ಗಡಿಯಾರ ಹಿಂದಿಡಿ ಎಂದು ಚೀಟಿ ಬರುತ್ತೆ. ನಮ್ಮ ಯಜಮಾನರ ಎಚ್‌ಎಂಟಿ ವಾಚಿಗೆ ಯಾರೂ ಚೀಟಿ ಕೊಡಲಿಲ್ಲ. ಆರಕ್ಕೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಮೇಲೆ ಹೋದರೆ ಹಡಗಿನಲ್ಲಿ ಐದು. ಕತ್ತಲ ಬಫೆ, ನೆಲ ಒರೆಸುತ್ತಿದ್ದ ಒಬ್ಬ ಹುಡುಗ. ಸಮುದ್ರದಲ್ಲೇ ಇರುವ ದಿನ ಎಂಟೂವರೆಯಿಂದ ಹತ್ತರವರೆಗೆ ನೂಕುನುಗ್ಗಲು. ಬಂದರಿನ ದಿನ ಏಳರಿಂದ ಎಂಟು. ಅದರ ಆಚೆ ಈಚೆ ಹೋಗಿ.

ಕೊನೆಯ ಸಂಜೆ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತೆ. ವಿದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳಬೇಕಾದರೆ ನಡುವೆ ಬೇರೆ ದೇಶದ ಬಂದರು ಮುಟ್ಟಲೇಬೇಕು, 1886ರ ಕಾನೂನು. ಆ ಕಾನೂನಿಗೆ ನನ್ನ ನಮಸ್ಕಾರ. ಜನರೆಲ್ಲಾ ಇಳಿದು ಹೋದರು. ಕಿಟಕಿ ಪಕ್ಕದ ಟೇಬಲ್ಲು, ಎಂಟೂ ಜನ, ಒಂದೇ ಕಡೆ.

ವಿಕ್ಟೋರಿಯಾ ಇರುವ ದ್ವೀಪದ ಹೊರಮಗ್ಗುಲಲ್ಲಿ ತೆರೆದ ಪೆಸಿಫಿಕ್. ಬಫೆ ಇರುವುದು ಮೇಲಿನ ಡೆಕ್ಕಿನಲ್ಲಿ, ಅಲ್ಲಿ ತೂಗಾಟ ಜಾಸ್ತಿ. ಸೂಪನ್ನು ಅರ್ಧ ಬಟ್ಟಲು ಮಾತ್ರ ಹಾಕಿಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ.

ಇಳಿಯುವ ಬೆಳಿಗ್ಗೆ ಹಣ್ಣು ಜೇಬಿಗೆ ಹಾಕಿಕೊಳ್ಳಬೇಡಿ. ಹಣ್ಣು, ತರಕಾರಿ ದಡಕ್ಕೆ ಒಯ್ಯುವಂತಿಲ್ಲ, ಹೇಳದೆ ಒಯ್ದು ಸಿಕ್ಕಿಬಿದ್ದರೆ ದಂಡ. ನಮ್ಮ ಯಜಮಾನರು 'ಕಾರಿನಲ್ಲಿ ಹಸಿವಾದರೆ' ಎಂದು ಒಂದು ಬಾಳೆಹಣ್ಣು ಇಟ್ಟುಕೊಂಡಿದ್ದರು. ಮಗಳು ಮೂಸುವ ನಾಯಿಯ ವಿಷಯ ಹೇಳಿದ್ದೇ ತಡ, ಇಳಿಯುವ ಸಾಲಿನಲ್ಲೇ ನಿಂತು ಎರಡು ಬಾಯಿಗೆ ಮುಗಿಸಿದರು. ಸಿಪ್ಪೆ ನನ್ನ ಕೈಗೆ ಕೊಟ್ಟರು. ಕಸದ ಡಬ್ಬಿ ಹುಡುಕಿಕೊಂಡು ನಾನು ವಾಪಸ್ ಬಫೆಗೆ ಹತ್ತಿದೆ.