ತಲೆಗೆ ಪೆಟ್ಟು ಬಿದ್ದಾಗ ಪಾಲಿಸಿಯಲ್ಲಿ ಯಾವ ಸಾಲು ಓದಬೇಕು?

ನಮ್ಮ ಸೋದರಮಾವ ಹೋದ ವರ್ಷ ಮಳೆಗಾಲದಲ್ಲಿ ಬಚ್ಚಲುಮನೆಯಲ್ಲಿ ಬಿದ್ದರು. ತಲೆಗೆ ಜೋರು ಪೆಟ್ಟು. ಆಸ್ಪತ್ರೆಯ ಕ್ಯಾಷುವಾಲ್ಟಿಯಲ್ಲಿ ಡಾಕ್ಟರು 'ಏನಾಯ್ತು?' ಎಂದು ಕೇಳಿದಾಗ ಗಾಬರಿಯಲ್ಲಿದ್ದ ಅತ್ತೆ, 'ತಲೆ ಸುತ್ತಿ ಬಿದ್ರು ಅನ್ಸತ್ತೆ' ಎಂದರು. ಅತ್ತೆ ಕಣ್ಣಾರೆ ನೋಡಿರಲಿಲ್ಲ, ಅಡುಗೆಮನೆಯಲ್ಲಿದ್ದರು. ಆದರೆ ಆ 'ಅನ್ಸತ್ತೆ' ಕೇಸ್ ಶೀಟಿಗೆ ಹೋಗಲಿಲ್ಲ. 'ತಲೆ ಸುತ್ತಿ ಬಿದ್ದರು' ಎಂಬುದಷ್ಟೇ ಹೋಯಿತು. ಕೆಲವು ತಿಂಗಳ ಮೇಲೆ ವಿಮೆ ಕಂಪನಿಯಿಂದ ಬಂದ ಪತ್ರ ಅದನ್ನೇ ಹಿಡಿದುಕೊಂಡಿತ್ತು: ಇದು ಅಪಘಾತವಲ್ಲ, ಕಾಯಿಲೆ. ಕ್ಲೇಮು ತಿರಸ್ಕರಿಸಲಾಗಿದೆ.

ಮಿದುಳಿಗೆ ಪೆಟ್ಟು ಅಂದರೆ ವೈದ್ಯರಿಗೆ ಒಂದು ಅರ್ಥ, ವಿಮೆಯವರಿಗೆ ಇನ್ನೊಂದು. ವಿಮೆಯಲ್ಲೂ ಪಾಲಿಸಿಗೊಂದು ಅರ್ಥ. ಮನೆಯಲ್ಲಿ ಯಾರಿಗಾದರೂ ಹೀಗಾದರೆ ಎಲ್ಲಿಂದ ಶುರು ಮಾಡಬೇಕು, ಏನನ್ನು ನೋಡಬೇಕು ಎಂಬುದು ಇಲ್ಲಿದೆ.

1. ಪಾಲಿಸಿಗಳನ್ನು ಬೇರೆ ಬೇರೆ ಮಾಡಿಟ್ಟುಕೊಳ್ಳಿ

ಬೀರುವಿನಲ್ಲಿರುವ ಎಲ್ಲ ಕಾಗದವನ್ನೂ ಹೊರಗೆ ತೆಗೆಯಿರಿ. ಆಸ್ಪತ್ರೆ ಬಿಲ್ಲು ಕಟ್ಟುವ ಆರೋಗ್ಯ ವಿಮೆ ಒಂದು ಕಡೆ. ದೊಡ್ಡ ಕಾಯಿಲೆ ಬಂದರೆ ಒಂದೇ ಸಲ ಇಡೀ ಮೊತ್ತ ಕೊಡುವ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಇನ್ನೊಂದು ಕಡೆ. ಇದು ಎಷ್ಟೋ ಸಲ ಜೀವವಿಮೆಯ ಜೊತೆ ರೈಡರ್ (ಹೆಚ್ಚುವರಿ ರಕ್ಷಣೆ) ಆಗಿ ಸೇರಿಕೊಂಡಿರುತ್ತದೆ, ನಮಗೆ ಗೊತ್ತೇ ಇರುವುದಿಲ್ಲ. ಮೂರನೆಯದು ಅಪಘಾತ ವಿಮೆ. ಬ್ಯಾಂಕ್ ಪಾಸ್‌ಬುಕ್ಕನ್ನೂ ನೋಡಿ. ವರ್ಷಕ್ಕೆ 20 ರೂಪಾಯಿ ಕಡಿತವಾಗುತ್ತಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ.

ಆಸ್ಪತ್ರೆ ಬಿಲ್ಲಿನ ಪಾಲಿಸಿಯಲ್ಲಿ ಅರ್ಥದ ಜಗಳ ಕಡಿಮೆ. ಸಾಮಾನ್ಯವಾಗಿ 24 ಗಂಟೆ ದಾಖಲಾಗಿರಬೇಕು. ಹೊಸ ಪಾಲಿಸಿಯ ಮೊದಲ 30 ದಿನ ಕಾಯಿಲೆಗೆ ಹಣ ಸಿಗುವುದಿಲ್ಲ, ಅಪಘಾತಕ್ಕೆ ಸಿಗುತ್ತದೆ. ಮಾವನ ಆಸ್ಪತ್ರೆ ಬಿಲ್ಲು ಹೀಗೆ ತಕರಾರಿಲ್ಲದೆ ಪಾಸಾಯಿತು. ತಕರಾರು ಬಂದದ್ದು ಅಪಘಾತ ವಿಮೆಯಲ್ಲಿ.

2. ಡಾಕ್ಟರ ಅಳತೆ ಬೇರೆ ಎಂದು ತಿಳಿದಿರಲಿ

ತಲೆಗೆ ಪೆಟ್ಟು ಬಿದ್ದವರನ್ನು ವೈದ್ಯರು ಗ್ಲಾಸ್ಗೋ ಕೋಮಾ ಸ್ಕೇಲ್‌ನಲ್ಲಿ ಅಳೆಯುತ್ತಾರೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1974ರಲ್ಲಿ ರೂಪುಗೊಂಡ ಅಳತೆ ಇದು. ಕಣ್ಣು ಬಿಡುವುದು, ಮಾತು, ಕೈಕಾಲಿನ ಚಲನೆ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 13ರಿಂದ 15 ಇದ್ದರೆ 'ಮೈಲ್ಡ್', 9ರಿಂದ 12 'ಮಾಡರೇಟ್', 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 'ಸಿವಿಯರ್'.

ಇದು ಪೆಟ್ಟು ಬಿದ್ದ ಹೊತ್ತಿನ ಸ್ಥಿತಿಯ ಅಳತೆ. ಮುಂದೆ ಬದುಕು ಹೇಗಿರುತ್ತದೆ ಎಂಬುದರ ಅಳತೆ ಅಲ್ಲ. 'ಮೈಲ್ಡ್' ಅಂತ ಬರೆಸಿಕೊಂಡು ಮನೆಗೆ ಬಂದವರೂ ತಿಂಗಳುಗಟ್ಟಲೆ ತಲೆನೋವು, ಮರೆವು, ಸಿಟ್ಟಿನಲ್ಲಿ ಒದ್ದಾಡುವುದುಂಟು. ಅವರ ಸಿ.ಟಿ. ಸ್ಕ್ಯಾನ್ ಎಷ್ಟೋ ಸಲ ನಾರ್ಮಲ್ ಎಂದೇ ಬರುತ್ತದೆ. ಈ ಮಾತು ಮುಂದಿನ ಹಂತಕ್ಕೆ ಬೇಕಾಗುತ್ತದೆ.

3. ಕ್ರಿಟಿಕಲ್ ಇಲ್‌ನೆಸ್ ಸಾಲನ್ನು ಬಿಡಿಸಿ ಓದಿ

ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ದೊಡ್ಡ ಕಾಯಿಲೆಗಳ ವ್ಯಾಖ್ಯೆಯನ್ನು ಏಕರೂಪ ಮಾಡಿದೆ. ಹಾಗಾಗಿ ಕಂಪನಿ ಯಾವುದಾದರೂ ಈ ಸಾಲುಗಳು ಬಹುತೇಕ ಒಂದೇ ತರಹ ಇರುತ್ತವೆ. ಪಾಲಿಸಿಯಲ್ಲಿ 'ಮೇಜರ್ ಹೆಡ್ ಟ್ರಾಮಾ' ಎಂಬ ತಲೆಬರಹ ಹುಡುಕಿ. ಅದು ಕೇಳುವುದು ಇಷ್ಟು. ಪೆಟ್ಟು ಅಪಘಾತದಿಂದಲೇ ಆಗಿರಬೇಕು, ಬೇರೆ ಯಾವ ಕಾರಣವೂ ಸೇರಿರಬಾರದು. ಎಂಆರ್‌ಐ ಅಥವಾ ಸಿ.ಟಿ.ಯಂಥ ಸ್ಕ್ಯಾನ್‌ನಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಕಾಣಬೇಕು. ನರಗಳ ತೊಂದರೆ ಶಾಶ್ವತವಾಗಿರಬೇಕು, ಅದನ್ನು ಅಪಘಾತವಾಗಿ 3 ತಿಂಗಳಾದ ಮೇಲೆಯೇ ಪರೀಕ್ಷಿಸಿರಬೇಕು. ಕೊನೆಯದಾಗಿ, ದಿನನಿತ್ಯದ 6 ಕೆಲಸಗಳಲ್ಲಿ ಕನಿಷ್ಠ 3 ಮಾಡಲಾಗದಂತೆ ಆಗಿರಬೇಕು.

ಆ ಆರು ಯಾವುವು? ಸ್ನಾನ. ಬಟ್ಟೆ ಹಾಕಿಕೊಳ್ಳುವುದು. ಹಾಸಿಗೆಯಿಂದ ಕುರ್ಚಿಗೆ ಬರುವುದು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವುದು. ಶೌಚ. ತಟ್ಟೆಗೆ ಬಡಿಸಿದ್ದನ್ನು ತಿನ್ನುವುದು.

ಪಟ್ಟಿಯಲ್ಲಿ ಏನಿಲ್ಲ ನೋಡಿ. ನೆನಪು, ಲೆಕ್ಕ ಮಾಡುವುದು, ಗ್ಯಾಸ್ ಆರಿಸುವುದು, ಮಕ್ಕಳನ್ನು ಗುರುತು ಹಿಡಿಯುವುದು, ಯಾವುದೂ ಅದರಲ್ಲಿಲ್ಲ. ಕಿರಾಣಿ ಅಂಗಡಿ ನಡೆಸುತ್ತಿದ್ದವರೊಬ್ಬರು ಪೆಟ್ಟಿನ ನಂತರ ಚಿಲ್ಲರೆ ಕೊಡುವುದನ್ನೂ ಮರೆತರು ಎಂದುಕೊಳ್ಳಿ. ಅವರು ತಾವೇ ಮಿಂದು, ತಿಂದು, ಓಡಾಡಿಕೊಂಡಿದ್ದರೆ ಈ ಸಾಲಿನ ಪ್ರಕಾರ ಅವರಿಗೆ 'ಮೇಜರ್' ಏನೂ ಆಗಿಲ್ಲ! ಕೈಕಾಲು ನೋಡಿ ಬರೆದ ಪಟ್ಟಿಯಿಂದ ಮಿದುಳನ್ನು ಅಳೆಯುವುದು ನನಗಂತೂ ಸರಿ ಕಾಣುವುದಿಲ್ಲ.

ಅದೇ ಪುಸ್ತಕದಲ್ಲಿ ಎರಡು ಪುಟ ಮುಂದೆಯೋ ಹಿಂದೆಯೋ 'ಸ್ಟ್ರೋಕ್' ಇರುತ್ತದೆ. ಅಲ್ಲಿ ಆರು ಕೆಲಸಗಳ ಪಟ್ಟಿಯೇ ಇಲ್ಲ. ಸ್ಕ್ಯಾನ್‌ನಲ್ಲಿ ಕಾಣಬೇಕು, ತಜ್ಞರು ಖಚಿತಪಡಿಸಬೇಕು, ಶಾಶ್ವತ ತೊಂದರೆ ಕನಿಷ್ಠ 3 ತಿಂಗಳು ಉಳಿದಿರಬೇಕು, ಅಷ್ಟೇ. ಆದರೆ ಪೆಟ್ಟಿನಿಂದಾದ ಗಾಯವನ್ನು ಸ್ಟ್ರೋಕ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. 'ಕೋಮಾ' ಸಾಲು ಇನ್ನೊಂದು ಬಗೆ: 96 ಗಂಟೆ ಪ್ರಜ್ಞೆ ಇರಬಾರದು, ಜೀವರಕ್ಷಕ ಯಂತ್ರದ ನೆರವು ಬೇಕಾಗಿರಬೇಕು, 30 ದಿನಗಳ ಮೇಲೂ ಶಾಶ್ವತ ತೊಂದರೆ ಇದೆ ಎಂದು ಸಾಬೀತಾಗಬೇಕು.

ಆದ್ದರಿಂದ ಮೂರೂ ಸಾಲನ್ನು ಒಟ್ಟಿಗೆ ಓದಿ. 'ಇದು ಅಪಘಾತವಲ್ಲ, ಕಾಯಿಲೆ' ಎಂದು ಕಂಪನಿ ಹೇಳಿದರೆ, ಯಾವ ಕಾಯಿಲೆ ಎಂದು ಬರೆದುಕೊಡಿ ಅನ್ನಿ. ಸ್ಟ್ರೋಕ್ ಬಂದು ಬಿದ್ದರು ಎಂದಾದರೆ ಸ್ಟ್ರೋಕ್ ಸಾಲಿನಲ್ಲಿ ಕ್ಲೇಮು ಹಾಕಬಹುದು, ಅಲ್ವಾ?

4. ಮೊದಲ ದಿನದ ಮಾತನ್ನು ಹುಷಾರಾಗಿ ಹೇಳಿ

ವಿಮೆಯ ಭಾಷೆಯಲ್ಲಿ ಅಪಘಾತ ಎಂದರೆ ಹಠಾತ್ತಾಗಿ, ನಿರೀಕ್ಷೆಯಿಲ್ಲದೆ, ಹೊರಗಿನಿಂದ, ಕಣ್ಣಿಗೆ ಕಾಣುವಂತೆ ಬಲವಾಗಿ ಬಿದ್ದ ಪೆಟ್ಟು. 'ಕಾಲು ಜಾರಿ ಬಿದ್ದರು' ಎಂದರೆ ಇದಕ್ಕೆ ಹೊಂದುತ್ತದೆ. 'ತಲೆ ಸುತ್ತಿ ಬಿದ್ದರು', 'ಫಿಟ್ಸ್ ಬಂದು ಬಿದ್ದರು' ಎಂದರೆ ಪ್ರಶ್ನೆ ಏಳುತ್ತದೆ. ಸುಳ್ಳು ಹೇಳಿ ಎನ್ನುತ್ತಿಲ್ಲ. ಗೊತ್ತಿಲ್ಲದಿದ್ದರೆ 'ನಾನು ನೋಡಲಿಲ್ಲ' ಎಂದೇ ಹೇಳಿ. ಅಂದಾಜು ಬೇಡ.

ಡಿಸ್ಚಾರ್ಜ್ ಸಮ್ಮರಿಯ ಕರಡನ್ನು ಸಹಿ ಆಗುವ ಮೊದಲೇ ಕೇಳಿ ಓದಿ. ಹೇಗೆ ಬಿದ್ದರು, ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ, ಸ್ಕ್ಯಾನ್‌ನಲ್ಲಿ ಏನು ಕಂಡಿತು, ಈಗ ಏನು ಮಾಡಲಾಗುತ್ತಿಲ್ಲ, ಎಲ್ಲವೂ ಇರಲಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ. 'ಮದ್ಯದ ವಾಸನೆ' ಎಂದು ಯಾರಾದರೂ ಬರೆದಿದ್ದರೆ, ಕುಡಿದು ಬಿದ್ದರು ಎಂದು ಕಂಪನಿ ತಕರಾರು ತೆಗೆಯಬಹುದು; ರಕ್ತಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ, ವರದಿ ತೆಗೆದಿಟ್ಟುಕೊಳ್ಳಿ. ಆಸ್ಪತ್ರೆಯಿಂದ ಪೊಲೀಸರಿಗೆ ಹೋದ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ವರದಿಯ ಪ್ರತಿಯೂ ಬೇಕು. ಒಳರೋಗಿಯ ಇಡೀ ಕಡತದ ನಕಲು ಕೇಳುವುದು ನಿಮ್ಮ ಹಕ್ಕು. ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ವೈದ್ಯಕೀಯ ನೀತಿ ನಿಯಮದಲ್ಲೇ ಇದೆ.

5. ಮನೆಗೆ ಬಂದ ಮೇಲಿನ ಖರ್ಚು

ಹೆಚ್ಚಿನವರಿಗೆ ಹೊಡೆತ ಬೀಳುವುದು ಇಲ್ಲಿ. ಆರೋಗ್ಯ ಪಾಲಿಸಿಯ ಹೊರಗಿಟ್ಟವುಗಳ ಪಟ್ಟಿಯಲ್ಲಿ 'ಎಕ್ಸ್‌ಕ್ಲೂಷನ್ 05' ನೋಡಿ. ಬರೀ ವಿಶ್ರಾಂತಿಗೆ ದಾಖಲಾದರೆ, ಅಥವಾ ಸ್ನಾನ ಮಾಡಿಸಲು, ಬಟ್ಟೆ ಹಾಕಲು, ಓಡಾಡಿಸಲು ಆಳು ಇಟ್ಟುಕೊಂಡರೆ ಹಣ ಇಲ್ಲ. ವಿಚಿತ್ರ ಗಮನಿಸಿದಿರಾ? ಒಂದು ಪಾಲಿಸಿ, ಸ್ನಾನ ಮಾಡಲಾಗದಿದ್ದರೆ ಮಾತ್ರ ದುಡ್ಡು ಎನ್ನುತ್ತದೆ. ಇನ್ನೊಂದು, ಸ್ನಾನ ಮಾಡಿಸಲು ದುಡ್ಡಿಲ್ಲ ಎನ್ನುತ್ತದೆ.

ಫಿಸಿಯೋಥೆರಪಿ, ಮಾತಿನ ತರಬೇತಿ ಚಿಕಿತ್ಸೆಯೇ ಹೊರತು ಆರೈಕೆ ಅಲ್ಲ. ವೈದ್ಯರ ಚೀಟಿಯಲ್ಲಿ ಹಾಗೆಂದೇ ಬರೆಸಿ: ಯಾವ ತೊಂದರೆಗೆ, ವಾರಕ್ಕೆ ಎಷ್ಟು ಸಲ, ಎಷ್ಟು ವಾರ. ಡಿಸ್ಚಾರ್ಜ್ ನಂತರದ ಖರ್ಚಿಗೆ ಅವಧಿ ಇರುತ್ತದೆ. ಬೇರೆ ಬೇರೆ ಕಂಪನಿಗಳು ಒಂದೇ ಷರತ್ತಿನಲ್ಲಿ ಮಾರುವ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಅದು 60 ದಿನ. ಪೆಟ್ಟಿನ ನಂತರ ಖಿನ್ನತೆ, ವರ್ತನೆಯ ಬದಲಾವಣೆಗೆ ಆಸ್ಪತ್ರೆ ಸೇರಬೇಕಾದರೆ 'ಮಾನಸಿಕ ಕಾಯಿಲೆ' ಎಂದು ತಳ್ಳಿಹಾಕುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮೈಯ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೆಯೇ ವಿಮೆ ಕೊಡಬೇಕು.

6. ಅಪಘಾತ ವಿಮೆ, ರಸ್ತೆ ಅಪಘಾತ

20 ರೂಪಾಯಿಯ ಸುರಕ್ಷಾ ಬಿಮಾದಲ್ಲಿ ಸಾವಿಗೆ, ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ಇದೆ. ಅಂಗವೈಕಲ್ಯವನ್ನು ಅದು ಎಣಿಸುವುದು ಕಣ್ಣು, ಕೈ, ಕಾಲಿನ ಲೆಕ್ಕದಲ್ಲಿ. ಮಿದುಳಿನ ಹೆಸರಿಲ್ಲ. ಆದ್ದರಿಂದ ಪ್ರಮಾಣಪತ್ರದಲ್ಲಿ ಬರೀ 'ಮಿದುಳಿನ ಗಾಯ' ಎಂದಿದ್ದರೆ ಸಾಲದು. ಯಾವ ಕೈ, ಯಾವ ಕಾಲು ಕೆಲಸ ಮಾಡುತ್ತಿಲ್ಲ ಎಂದು ಸ್ಪಷ್ಟವಾಗಿರಬೇಕು.

ರಸ್ತೆಯಲ್ಲಾದ ಅಪಘಾತವಾದರೆ ದಾರಿ ಬೇರೆ. 2025ರ ಮೇ ತಿಂಗಳಿಂದ ಕೇಂದ್ರದ ಕ್ಯಾಶ್‌ಲೆಸ್ ಯೋಜನೆಯಲ್ಲಿ ಮೊದಲ 7 ದಿನಕ್ಕೆ 1.5 ಲಕ್ಷದವರೆಗೆ ಚಿಕಿತ್ಸೆ ಇದೆ. ಪರಿಹಾರ ನಿರ್ಧರಿಸುವ ನ್ಯಾಯಮಂಡಳಿಯು ಶೇಕಡಾವಾರು ಅಂಗವೈಕಲ್ಯಕ್ಕಿಂತ ದುಡಿಯುವ ಶಕ್ತಿ ಎಷ್ಟು ಹೋಯಿತು ಎಂದು ನೋಡಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಚಿಲ್ಲರೆ ಮರೆತ ಅಂಗಡಿಯವರು ಇಲ್ಲಿ ಲೆಕ್ಕಕ್ಕೆ ಬರುತ್ತಾರೆ! ಮಿದುಳಿಗೆ ಪೆಟ್ಟಾಗಿದ್ದ ಹರಿಯಾಣದ ಬಾಲಕಿಯೊಬ್ಬಳಿಗೆ ಅದೇ ಕೋರ್ಟ್ 2020ರಲ್ಲಿ 62 ಲಕ್ಷಕ್ಕೂ ಹೆಚ್ಚು ಕೊಡಿಸಿತು. ಜೀವನವಿಡೀ ನೋಡಿಕೊಳ್ಳುವವರ ಸಂಬಳವೂ ಅದರಲ್ಲಿ ಸೇರಿತ್ತು.

7. ಇಲ್ಲ ಎಂದರೆ

ಯಾವ ಷರತ್ತಿನ ಪ್ರಕಾರ ಇಲ್ಲ ಎಂದು ಲಿಖಿತವಾಗಿ ಕೇಳಿ. ಪಾಲಿಸಿಯ ಸಾರಾಂಶ ಪತ್ರವನ್ನು ಕನ್ನಡದಲ್ಲೇ ಕೊಡಿ ಎಂದೂ ಕೇಳಬಹುದು. ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಡ. 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಸಾಲಿಗೆ ಎರಡು ಅರ್ಥ ಬರುವಂತಿದ್ದರೆ ಪಾಲಿಸಿದಾರರಿಗೆ ಅನುಕೂಲವಾದ ಅರ್ಥ ಹಿಡಿಯಬೇಕು ಎಂಬ ತತ್ವ ನಮ್ಮ ನ್ಯಾಯಾಲಯಗಳಲ್ಲಿದೆ. ಅದನ್ನು ದೂರಿನಲ್ಲಿ ಬರೆಯಲು ಮರೆಯಬೇಡಿ.

ನಾವು ಮಾವನ ಒಳರೋಗಿ ಕಡತ ತರಿಸಿ ನೋಡಿದಾಗ ಮೂರನೇ ದಿನದ ಟಿಪ್ಪಣಿಯಲ್ಲಿ ಒಂದು ಸಾಲು ಸಿಕ್ಕಿತು: 'ಸೋಪಿನ ನೀರಿನ ಮೇಲೆ ಕಾಲು ಜಾರಿತು ಎಂದು ರೋಗಿಯೇ ಹೇಳುತ್ತಾರೆ.' ಮೊದಲ ಸಲ ಮಾತು ಬಂದಾಗ ಅವರು ಹೇಳಿದ್ದು ಅದು. ದೂರಿನ ಜೊತೆ ಆ ಹಾಳೆಯನ್ನೂ ಲಗತ್ತಿಸಿದ್ದೇವೆ. ಮುಂದಿನ ತಿಂಗಳು ವಿಚಾರಣೆ. ಎಡಗೈ, ಎಡಗಾಲು ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಆದರೂ ವೀಲ್‌ಚೇರ್‌ನಲ್ಲೇ ಬಂದು ಸೋಪಿನ ಕಥೆ ತಾನೇ ಹೇಳುತ್ತೇನೆ ಅಂತ ಮಾವ ಹಟ ಹಿಡಿದಿದ್ದಾರೆ. ಈ ಸಲ ಅತ್ತೆ ಬಾಯಿ ಬಿಡಕೂಡದಂತೆ.