ಮಗುವಿನ ನೋಟ ಹಿಡಿಯಲು ಹೋಗಿ

ಲಂಡನ್ನಿನ ಒಂದು ಲ್ಯಾಬಿನಲ್ಲಿ ಎರಡು ವರ್ಷ ನನ್ನ ಕೆಲಸ ಇದು: ಅಮ್ಮ, ಮಗು ಎದುರುಬದುರು ಕೂತು ಆಡುವಾಗ ಇಬ್ಬರ ತಲೆಗೂ ಮಿದುಳಿನ ವಿದ್ಯುತ್ ಅಲೆ ಅಳೆಯುವ ಇಇಜಿ ಟೋಪಿ ಹಾಕಿ, ಕಣ್ಣಿಗೆ ಕಣ್ಣು ಸೇರಿದ ಹೊತ್ತಿಗೆ ಮಗುವಿನ ಮಿದುಳಿನಲ್ಲಿ ಏನಾಗುತ್ತದೆ ಅಂತ ನೋಡುವುದು. ಮಕ್ಕಳ ಫೋಟೋ ಹೊರಗೆ ಕೊಡುವಂತಿಲ್ಲ, ಹಾಗಾಗಿ ಟೋಪಿ ಹಾಕಿದ ಗೊಂಬೆಯ ಫೋಟೋ ಊರಿಗೆ ಕಳಿಸಿದ್ದೆ. "ಪಾಪ, ಅದರ ತಲೆಗೆ ಮೀನಿನ ಬಲೆ ಹಾಕಿದ್ದೀಯಲ್ಲೇ" ಅಂದರು ಅಮ್ಮ.

ನಿಜಕ್ಕೂ ಬಲೆಯೇ ಅದು. ಅದರ ಸ್ಪಂಜುಗಳನ್ನು ಪೊಟ್ಯಾಸಿಯಂ ಕ್ಲೋರೈಡ್ ಕರಗಿಸಿದ ಬೆಚ್ಚನೆ ನೀರಿನಲ್ಲಿ ನೆನೆಸಬೇಕು, ಒಂಚೂರು ಬೇಬಿ ಶಾಂಪೂನೂ ಹಾಕಬೇಕು. ಒಬ್ಬರು ಸೋಪಿನ ಗುಳ್ಳೆ ಊದುತ್ತಿರುವಾಗ ಇನ್ನೊಬ್ಬರು ಹಿಂದಿನಿಂದ ಪಟ್ಟಂತ ಹಾಕಿಬಿಡಬೇಕು. ಎರಡನೇ ಸಲಕ್ಕೆ ಮಗು ಹುಷಾರಾಗಿರುತ್ತದೆ, ಅವತ್ತಿನ ಕಥೆ ಮುಗಿಯಿತು.

ಆದರೆ ನನ್ನ ತಲೆ ತಿಂದಿದ್ದು ಟೋಪಿ ಅಲ್ಲ, ಕಣ್ಣೇ. ಕಣ್ಣುಗುಡ್ಡೆ ಒಂದು ಪುಟ್ಟ ಬ್ಯಾಟರಿ ಇದ್ದ ಹಾಗೆ, ಮುಂದೆ ಪ್ಲಸ್, ಹಿಂದೆ ಮೈನಸ್. ಅದು ತಿರುಗಿದರೆ ಸಾಕು, ಮಿದುಳಿನ ಸಿಗ್ನಲ್‌ಗಿಂತ ಎಷ್ಟೋ ದೊಡ್ಡ ಅಲೆ ಏಳುತ್ತದೆ. ಮಗು ಆಟಿಕೆಯಿಂದ ಅಮ್ಮನ ಮುಖಕ್ಕೆ ಕಣ್ಣೆತ್ತಿದ ಗಳಿಗೆಯೇ ನಮಗೆ ಬೇಕು, ಅದೇ ಗಳಿಗೆಯಲ್ಲಿ ಈ ಗಲಾಟೆ! ಶುರುವಿನಲ್ಲಿ ಹಣೆಯ ಹತ್ತಿರದ ಎಲೆಕ್ಟ್ರೋಡುಗಳಲ್ಲಿ, ಅಂದರೆ ಟೋಪಿಯಲ್ಲಿ ಸಿಗ್ನಲ್ ಹಿಡಿಯುವ ಬಿಂದುಗಳಲ್ಲಿ, ಒಂದು ಸೊಗಸಾದ ಏರಿಳಿತ ಕಂಡು ವಾರವಿಡೀ ಕುಣಿದಾಡಿದ್ದೆ. ಆಮೇಲೆ ನೋಡಿದರೆ ಮಗು ಗೋಡೆಯ ಗಡಿಯಾರಕ್ಕೆ ಕಣ್ಣೆತ್ತಿದಾಗಲೂ ಅದೇ ಏರಿಳಿತ. ಐಸಿಎ ಅನ್ನುವ ಲೆಕ್ಕದಿಂದ ಕಣ್ಣಿನ ಪಾಲನ್ನು ಬೇರ್ಪಡಿಸಬಹುದು, ಆದರೆ ದೊಡ್ಡವರ ಡೇಟಾದಲ್ಲಿ ಆದಷ್ಟು ನೀಟಾಗಿ ಮಕ್ಕಳದ್ದರಲ್ಲಿ ಆಗುವುದಿಲ್ಲ.

ನೋಟ ಯಾವಾಗ ಶುರುವಾಯಿತು ಅಂತ ಗುರುತು ಹಾಕುವವರೂ ನಾವೇ. ಸೆಕೆಂಡಿಗೆ 25 ಫ್ರೇಮಿನ ವಿಡಿಯೋ, ಅಂದರೆ ಒಂದು ಫ್ರೇಮಿಗೆ 40 ಮಿಲಿಸೆಕೆಂಡ್. ಇಇಜಿ ಸೆಕೆಂಡಿಗೆ 500 ಸಲ ಅಳೆಯುತ್ತದೆ. ಎರಡನ್ನೂ ಹೊಂದಿಸಲು ಕ್ಯಾಮೆರಾ ಮುಂದೆ ಎಲ್‌ಇಡಿ ಮಿನುಗಿಸಿ, ಅದೇ ಹೊತ್ತಿಗೆ ಇಇಜಿಗೂ ಒಂದು ಗುರುತು ಕಳಿಸುತ್ತಿದ್ದೆವು. ಐದು ನಿಮಿಷದ ಆಟಕ್ಕೆ 7,500 ಫ್ರೇಮು. ಒಂದೊಂದೇ ಸರಿಸುತ್ತಾ ಕೂತಾಗ ನನಗೆ ಕಂಡದ್ದು ಏನೆಂದರೆ, ಅಮ್ಮ ಬಹುಪಾಲು ಮಗುವಿನ ಮುಖವನ್ನೇ ನೋಡುತ್ತಿರುತ್ತಾಳೆ, ಮಗು ಮಾತ್ರ ಆಟಿಕೆಯಲ್ಲಿ, ಅಮ್ಮನ ಕೈಯಲ್ಲಿ ಮುಳುಗಿರುತ್ತದೆ. ಕಣ್ಣು ಯಾವಾಗ ಸೇರಬೇಕು ಅಂತ ತೀರ್ಮಾನಿಸುವುದು ಹೆಚ್ಚುಕಡಿಮೆ ಮಗುವೇ.

ಹಾಗಾಗಿ ಈಸ್ಟ್ ಲಂಡನ್ ವಿಶ್ವವಿದ್ಯಾಲಯದ ಸ್ಯಾಮ್ ವಾಸ್ ಅವರ ತಂಡದ 2023ರ ಲೇಖನ ಓದಿದಾಗ ಜಾಸ್ತಿ ಆಶ್ಚರ್ಯ ಆಗಲಿಲ್ಲ. ಮಗು ತಾನೇ ನೋಟ ಶುರುಮಾಡಿದಾಗ ಅದರ ಮಿದುಳಿನಲ್ಲಿ ಬದಲಾವಣೆ ಕಂಡಿತ್ತು, ಅಮ್ಮ ಶುರುಮಾಡಿದಾಗ ಇಲ್ಲ. ಇಬ್ಬರ ಮಿದುಳಿನ ಅಲೆಗಳು ಆ ಹೊತ್ತಿಗೆ ಒಂದಕ್ಕೊಂದು ಹೆಚ್ಚು ಹೊಂದಿಕೊಂಡಿದ್ದೂ ಕಾಣಲಿಲ್ಲ. 2017ರಲ್ಲಿ ವಿಕ್ಟೋರಿಯಾ ಲಿಯಾಂಗ್ ತಂಡ 8 ತಿಂಗಳ ಮಕ್ಕಳಲ್ಲಿ ಹೊಂದಿಕೆ ಹೆಚ್ಚುತ್ತದೆ ಅಂದಿತ್ತು ನಿಜ, ಆದರೆ ಅಲ್ಲಿ ದೊಡ್ಡವರು ನೇರ ನೋಡುತ್ತಾ ಶಿಶುಗೀತೆ ಹಾಡುತ್ತಿದ್ದರು. ಹಾಡುತ್ತಾ ಕಣ್ಣು ನೆಟ್ಟು ಕೂರುವುದು ಬೇರೆ, ಆಟದ ನಡುವೆ ಚಕ್ಕಂತ ನೋಡುವುದು ಬೇರೆ ಅಲ್ವಾ?

ಆಮೇಲೆ ನಾವು ಅಮ್ಮಂದಿರಿಗೆ ಕೊಡುವ ಸೂಚನೆ ಬದಲಿಸಿದೆವು. ಮೊದಲು "ಮಗುವಿನ ಗಮನ ಸೆಳೆಯಿರಿ" ಅಂತಿತ್ತು. ಅದನ್ನು ತೆಗೆದು "ಮನೆಯಲ್ಲಿ ಆಡುವ ಹಾಗೆ ಆಡಿ, ಹೆಸರು ಹಿಡಿದು ಕರೆಯಬೇಡಿ" ಅಂತ ಬರೆದೆವು. ಸಿಗುವ ನೋಟಗಳು ಕಡಿಮೆಯಾದವು, ಸರಿಸಬೇಕಾದ ಫ್ರೇಮು ಮಾತ್ರ ಅದೇ 7,500.