ಕೂಲಿಂಗ್ ಪ್ಯಾಡ್‌ನಿಂದ ಗೇಮಿಂಗ್ ಲ್ಯಾಪ್‌ಟಾಪ್ ತಣ್ಣಗಾಗುವುದೇ? ತೀರ್ಥಹಳ್ಳಿ ಕಡೆಯ ಮನೆಯೊಂದರಲ್ಲಿ ಅಳೆದು ನೋಡಿದ್ದು

ಲ್ಯಾಪ್‌ಟಾಪಿನ ಅಡಿಗೆ ಇಡುವ ಫ್ಯಾನಿನ ತಟ್ಟೆ, ಅಂದರೆ ಕೂಲಿಂಗ್ ಪ್ಯಾಡ್ ಕೊಂಡರೆ ಲ್ಯಾಪ್‌ಟಾಪ್ ಎಷ್ಟು ಡಿಗ್ರಿ ಇಳಿಯುತ್ತದೆ ಎಂದು ಕೇಳುವವರಿಗೆ ನಾನು ಹಾಕುವ ಮರುಪ್ರಶ್ನೆ ಒಂದೇ: ಅದು ಯಾವ ಕೋಣೆಯಲ್ಲಿ, ಯಾವ ತಿಂಗಳಲ್ಲಿ ಓಡುತ್ತದೆ? ನನ್ನದು ತೀರ್ಥಹಳ್ಳಿಯ ಸಮೀಪದ ಹೆಂಚಿನ ಮನೆ, ಕೆಲಸ ಮಾಡುವುದು ಉಪ್ಪರಿಗೆಯ ಕೋಣೆಯಲ್ಲಿ. ಹಗಲು ಮದುವೆ, ಉಪನಯನಗಳ ವಿಡಿಯೊ ಎಡಿಟಿಂಗ್, ರಾತ್ರಿ ಒಂದಿಷ್ಟು ಹೊತ್ತು ಆಟ. ಎರಡಕ್ಕೂ ಇರುವುದು ಒಂದೇ ಲ್ಯಾಪ್‌ಟಾಪ್. ಅದರಲ್ಲಿ ಹನ್ನೆರಡನೇ ತಲೆಮಾರಿನ ಕೋರ್ ಐ7 ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಚಿಪ್ ಇವೆ. ಪುಷ್ಯದ ಚಳಿಯಲ್ಲಿ ತಕರಾರಿಲ್ಲದೆ ನಡೆಯುವ ಈ ಯಂತ್ರ ಏಪ್ರಿಲ್ ಬಂತೆಂದರೆ ಏದುಸಿರು ಬಿಡತೊಡಗುತ್ತದೆ.

ಅಳತೆಗೆ ಕೈಹಾಕುವ ಮುನ್ನ ಒಂದು ವಿಷಯ ತಿಳಿದಿರಬೇಕು. ಈ ಪ್ರೊಸೆಸರಿನ ಗರಿಷ್ಠ ತಾಪದ ಮಿತಿ 100 ಡಿಗ್ರಿ. ಗ್ರಾಫಿಕ್ಸ್ ಚಿಪ್ಪಿನದು ಸಾಮಾನ್ಯವಾಗಿ 87. ಮಿತಿಯ ಹತ್ತಿರ ಬಂದ ಕೂಡಲೇ ಚಿಪ್ ತಾನು ಎಳೆಯುವ ವಿದ್ಯುತ್ತನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ವೇಗ ಇಳಿಯುತ್ತದೆ, ತಾಪ ಅಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಪರದೆಯ ಮೇಲಿನ ಡಿಗ್ರಿಯ ಅಂಕಿಯೊಂದನ್ನೇ ನೋಡುತ್ತ ಕುಳಿತವರಿಗೆ ಪ್ಯಾಡ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಡಿಗ್ರಿಯ ಪಕ್ಕದಲ್ಲಿ ಚಿಪ್ ಎಳೆಯುವ ವಿದ್ಯುತ್ತಿನ ಅಳತೆಯಾದ ವ್ಯಾಟ್ ಅನ್ನೂ ಬರೆದುಕೊಳ್ಳಬೇಕು. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಎರಡನ್ನೂ ತೋರಿಸುತ್ತದೆ, ಬೇಕಿದ್ದರೆ ಕಡತಕ್ಕೂ ಇಳಿಸಿಕೊಡುತ್ತದೆ.

ನಾನು ಅನುಸರಿಸಿದ ಕ್ರಮ ಸರಳವಾದದ್ದು. ಒಂದೇ ಆಟದ ಒಂದೇ ಜಾಗದಲ್ಲಿ ಪಾತ್ರವನ್ನು ನಿಲ್ಲಿಸಿ, ಫ್ಯಾನ್ ವೇಗವನ್ನು ಒಂದೇ ಹಂತಕ್ಕೆ ಕಟ್ಟಿಹಾಕಿ, ಅರ್ಧ ಗಂಟೆ ಬಿಟ್ಟು, ಕೊನೆಯ ಹತ್ತು ನಿಮಿಷದ ಸರಾಸರಿಯನ್ನಷ್ಟೇ ಲೆಕ್ಕಕ್ಕೆ ಹಿಡಿದೆ. ಪಕ್ಕದಲ್ಲಿ ಕೋಣೆಯ ತಾಪಕ್ಕೆ ಒಂದು ಥರ್ಮಾಮೀಟರ್. ಕರೆಂಟು ಹೋದಾಗ ಅಳೆಯುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಬ್ಯಾಟರಿಯ ಮೇಲೆ ಇಂಥ ಲ್ಯಾಪ್‌ಟಾಪ್‌ಗಳು ತಾವಾಗಿಯೇ ವ್ಯಾಟ್ ಇಳಿಸಿಕೊಳ್ಳುತ್ತವೆ. ನಮ್ಮ ಕಡೆ ಬೇಸಿಗೆಯ ಗುಡುಗಿನ ಸಂಜೆಗಳಲ್ಲಿ ಈ ಕಾರಣಕ್ಕೇ ಹಲವು ಅಳತೆಗಳನ್ನು ಕೈಬಿಡಬೇಕಾಯಿತು.

ಕೋಣೆ 32 ಡಿಗ್ರಿ ಇದ್ದಾಗ, ಮೇಜಿನ ಮೇಲೆ ಹಾಗೆಯೇ ಇಟ್ಟ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚಿಪ್ 86-87ಕ್ಕೆ ಅಂಟಿಕೊಂಡಿತ್ತು, ವ್ಯಾಟ್ 95ರಿಂದ 105ರ ನಡುವೆ ಏರಿಳಿಯುತ್ತಿತ್ತು. ಹಿಂಬದಿಯ ಅಡಿಗೆ ಒಂದಂಗುಲ ದಪ್ಪದ ಅಡಿಕೆ ದಬ್ಬೆಯ ಎರಡು ತುಂಡು ಕೊಟ್ಟೆ. ತಾಪ 83ಕ್ಕೆ ಇಳಿಯಿತು, ವ್ಯಾಟ್ 110ರ ಆಸುಪಾಸಿಗೆ ಬಂತು. ಆಮೇಲೆ ಅಂಗಡಿಯಿಂದ ತಂದ ಐದು ಫ್ಯಾನಿನ ಸಾಮಾನ್ಯ ಪ್ಯಾಡ್ ಮೇಲಿಟ್ಟು, ಫ್ಯಾನ್ ಹಾಕದೆ ನೋಡಿದರೆ ದಬ್ಬೆಯದೇ ಫಲಿತಾಂಶ; ಹಾಕಿ ನೋಡಿದರೆ 81-82, ವ್ಯಾಟ್ 115ರಲ್ಲಿ ಸ್ಥಿರ. ಅಂದರೆ ಪ್ಯಾಡಿನ ಲಾಭದಲ್ಲಿ ದೊಡ್ಡ ಪಾಲು ಲ್ಯಾಪ್‌ಟಾಪನ್ನು ಮೇಜಿನಿಂದ ಎತ್ತಿದ್ದಕ್ಕೆ ಸಲ್ಲಬೇಕು, ಅದರ ಫ್ಯಾನುಗಳ ಪಾಲು ಚಿಕ್ಕದು. ಇದರಲ್ಲಿ ಆಶ್ಚರ್ಯವೇನಿಲ್ಲ. ಯುಎಸ್‌ಬಿ 2.0 ಪೋರ್ಟ್ ಕೊಡುವುದೇ ಎರಡೂವರೆ ವ್ಯಾಟ್. ಅಷ್ಟರಲ್ಲಿ ತಿರುಗುವ ಐದು ಫ್ಯಾನುಗಳಿಂದ ಬಿರುಗಾಳಿಯನ್ನು ನಿರೀಕ್ಷಿಸಬಾರದು.

ಪ್ರೊಸೆಸರಿನ ಕಥೆ ಬೇರೆಯೇ. ಮದುವೆ ವಿಡಿಯೊವನ್ನು ರೆಂಡರ್‌ಗೆ, ಅಂದರೆ ಎಡಿಟ್ ಮಾಡಿದ್ದನ್ನು ಅಂತಿಮ ಕಡತವಾಗಿಸಲು ಹಾಕಿದಾಗ ಪ್ಯಾಡ್ ಇಲ್ಲದೆ 96, ಪ್ಯಾಡ್ ಇದ್ದರೂ 95. ಇಷ್ಟನ್ನೇ ನೋಡಿದ ನನ್ನ ಗೆಳೆಯರೊಬ್ಬರು ದುಡ್ಡು ನೀರುಪಾಲು ಎಂದು ತೀರ್ಪು ಕೊಟ್ಟರು. ಆದರೆ ವ್ಯಾಟಿನ ಸಾಲನ್ನು ನೋಡಿದರೆ, ಮೊದಲು 62ರಲ್ಲಿ ನಿಲ್ಲುತ್ತಿದ್ದದ್ದು ಈಗ 68ರ ತನಕ ಹೋಗುತ್ತಿತ್ತು, ಅದೇ ವಿಡಿಯೊ ಕೆಲವು ನಿಮಿಷ ಮೊದಲೇ ಮುಗಿಯುತ್ತಿತ್ತು. ಪ್ಯಾಡ್ ಒದಗಿಸಿದ ಹೆಚ್ಚುವರಿ ತಂಪನ್ನು ಪ್ರೊಸೆಸರ್ ವೇಗಕ್ಕೆ ಖರ್ಚು ಮಾಡಿಕೊಂಡಿತ್ತು. ತಾಪವೇ ಇಳಿಯಬೇಕೆಂದಿದ್ದರೆ ವ್ಯಾಟಿಗೆ ನಾವೇ ಮಿತಿ ಹಾಕಬೇಕು, ಪ್ಯಾಡ್ ಅದನ್ನು ಮಾಡದು.

ಪ್ಯಾಡ್ ಕೊಳ್ಳುವವರು ಲ್ಯಾಪ್‌ಟಾಪನ್ನು ಮೊದಲು ಮಗುಚಿ ಹಾಕಿ ನೋಡುವುದು ಒಳ್ಳೆಯದು. ನನ್ನದರ ಅಡಿಯ ತುಂಬ ಜಾಲರಿಯ ವಿನ್ಯಾಸವಿದ್ದರೂ ಟಾರ್ಚ್ ಬಿಟ್ಟಾಗ ಬೆಳಕು ಒಳಗೆ ಹೋದದ್ದು ಎರಡು ಫ್ಯಾನುಗಳ ನೇರದಲ್ಲಿ ಮಾತ್ರ, ಮಿಕ್ಕದ್ದೆಲ್ಲ ಒಳಗಿನಿಂದ ಮುಚ್ಚಿತ್ತು. ಪ್ಯಾಡಿನ ನಡುವಿನ ದೊಡ್ಡ ಫ್ಯಾನ್ ಆ ಮುಚ್ಚಿದ ಭಾಗಕ್ಕೇ ಗಾಳಿ ಊದುತ್ತಿತ್ತು. ಮೂಲೆಯ ಚಿಕ್ಕ ಫ್ಯಾನುಗಳು ತೂತುಗಳ ಅಡಿಗೆ ಬರುವಂತೆ ಲ್ಯಾಪ್‌ಟಾಪನ್ನು ನಾಲ್ಕು ಬೆರಳು ಹಿಂದೆ ಸರಿಸಿ, ಆ ಜಾಗಕ್ಕೆ ಇನ್ಸುಲೇಶನ್ ಟೇಪಿನ ಗುರುತು ಹಾಕಿದ ಮೇಲೆಯೇ ಮೇಲೆ ಹೇಳಿದ ಅಂಕಿಗಳು ಬಂದದ್ದು.

ಅಂಚಿಗೆ ಫೋಮ್ ಸುತ್ತಿ, ಬ್ಲೋವರಿನಿಂದ ಒತ್ತಡದಲ್ಲಿ ಗಾಳಿ ನುಗ್ಗಿಸುವ ಇನ್ನೊಂದು ಬಗೆಯ ಪ್ಯಾಡ್ ಇದೆ. ಅದಕ್ಕೆ ಬೇರೆಯೇ ಅಡಾಪ್ಟರ್, ಬೆಲೆ ಹಲವು ಪಟ್ಟು. ಪರಿಚಯದವರಿಂದ ಎರವಲು ತಂದು ಹಾಕಿದೆ. ಗ್ರಾಫಿಕ್ಸ್ ಚಿಪ್ 73ಕ್ಕೆ ಬಂತು, ಪ್ರೊಸೆಸರ್ ಕೂಡ ಮಿತಿಯಿಂದ ದೂರ ಸರಿಯಿತು. ಇದು ನಿಜಕ್ಕೂ ಫಲ ಕೊಡುವ ಸಾಧನ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪೂರ್ಣ ವೇಗದಲ್ಲಿ ಅದರ ಸದ್ದು ಕೆಳಗಿನ ಜಗುಲಿಗೂ ಕೇಳಿಸುತ್ತಿತ್ತು, ಮೇಲಾಗಿ ಅದು ನುಗ್ಗಿಸುವ ಗಾಳಿಯಲ್ಲಿ ಏನಿದೆ ಎಂಬ ಪ್ರಶ್ನೆ ಅಡಿಕೆ ಮನೆಗಳಲ್ಲಿ ದೊಡ್ಡದು. ಕೊಯ್ಲಿನ ಕಾಲಕ್ಕೆ ಅಂಗಳದಲ್ಲಿ ಸುಲಿಯುವುದು, ಬೇಯಿಸುವ ಒಲೆಯ ಹೊಗೆ, ಒಣ ಸಿಪ್ಪೆಯ ನಾರು, ಎಲ್ಲವೂ ಗಾಳಿಯಲ್ಲಿರುತ್ತವೆ. ಆ ಪ್ಯಾಡಿನ ಜಾಲರಿ ಕೆಲವೇ ದಿನಗಳಲ್ಲಿ ಕಂದು ಬಣ್ಣಕ್ಕೆ ತಿರುಗಿತು. ಅದನ್ನು ತೊಳೆಯದೆ ಬಿಟ್ಟರೆ ಗಾಳಿ ಕುಗ್ಗುತ್ತದೆ, ಜಾಲರಿ ತೆಗೆದು ಓಡಿಸಿದರೆ ನಾರೆಲ್ಲ ನೇರ ಲ್ಯಾಪ್‌ಟಾಪಿನೊಳಕ್ಕೆ.

ಲ್ಯಾಪ್‌ಟಾಪಿನ ಒಳಗೇ ಏನಿತ್ತು ಎಂಬುದು ಶಿವಮೊಗ್ಗದಲ್ಲಿ ಅದನ್ನು ಬಿಚ್ಚಿಸಿದಾಗ ಕಂಡಿತು. ಫ್ಯಾನ್ ಮತ್ತು ತಾಮ್ರದ ರೆಕ್ಕೆಗಳ ನಡುವೆ ಧೂಳು, ನಾರು, ಹೊಗೆಯ ಜಿಡ್ಡು ಸೇರಿ ಕಂಬಳಿಯ ತುಂಡಿನಂಥ ಪದರ ಕಟ್ಟಿತ್ತು. ಚಿಮಟದಲ್ಲಿ ಹಿಡಿದೆಳೆದರೆ ಇಡಿಯಾಗಿ ಬಂತು. ಚಿಪ್ಪಿನ ಬಿಸಿಯನ್ನು ತಾಮ್ರಕ್ಕೆ ದಾಟಿಸಲು ಅದರ ಮೇಲೆ ಬಳಿಯುವ ಪೇಸ್ಟ್ ನಡುವಿನಿಂದ ಅಂಚಿಗೆ ಸರಿದು ಒಣಗಿತ್ತು. ಸ್ವಚ್ಛ ಮಾಡಿಸಿ, ಪೇಸ್ಟಿನ ಬದಲಿಗೆ ಹನಿವೆಲ್ ಕಂಪನಿಯ ಪಿಟಿಎಂ7950 ಎಂಬ ಹಾಳೆ ಹಾಕಿಸಿದೆ. ಇದು ಬಿಸಿಯಾದಾಗ ಮೆದುವಾಗಿ ಹರಡಿಕೊಳ್ಳುತ್ತದೆ, ಪೇಸ್ಟಿನಂತೆ ಬೇಗ ಜಾಗ ಬಿಡುವುದಿಲ್ಲ. ಅದಾದ ಮೇಲೆ ಪ್ಯಾಡ್ ಇಲ್ಲದೆಯೇ ಗ್ರಾಫಿಕ್ಸ್ ಚಿಪ್ 115 ವ್ಯಾಟಿನಲ್ಲಿ 79 ತೋರಿಸಿತು. ಹಳೆಯ ಲ್ಯಾಪ್‌ಟಾಪಿಗೆ ಪ್ಯಾಡ್ ಹುಡುಕುತ್ತಿರುವವರಿಗೆ ಮೊದಲು ಬಿಚ್ಚಿಸಿ ನೋಡಿ ಎಂದು ನಾನು ಹೇಳುವುದು ಇದಕ್ಕೇ.

ಮಳೆಗಾಲಕ್ಕೆ ಪ್ರಶ್ನೆಯೇ ಬದಲಾಗುತ್ತದೆ. ಕೋಣೆ 24ಕ್ಕೆ ಬಂದರೆ, ವ್ಯಾಟ್ ಮತ್ತು ಫ್ಯಾನ್ ವೇಗ ಅಷ್ಟೇ ಇದ್ದಲ್ಲಿ, ಚಿಪ್ಪಿನ ತಾಪವೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಇಳಿಯುತ್ತದೆ. ಸಾಮಾನ್ಯ ಪ್ಯಾಡ್ ಕೊಡುವುದಕ್ಕಿಂತ ಹೆಚ್ಚನ್ನು ಆಷಾಢ ಬಿಟ್ಟಿಯಾಗಿ ಕೊಡುತ್ತದೆ. ಪ್ಯಾಡಿನ ನೀಲಿ ದೀಪಗಳಿಗೆ ಮುತ್ತಿದ ಮಳೆಹುಳುಗಳ ರೆಕ್ಕೆಗಳು ಜಾಲರಿಗೆ ಮೆತ್ತಿಕೊಂಡದ್ದನ್ನು ಹಳೆಯ ಬ್ರಷ್ಷಿನಿಂದ ತೆಗೆಯುವ ಕೆಲಸವೂ ಆಗ ಸೇರಿಕೊಳ್ಳುತ್ತದೆ. ದೀಪ ಆರಿಸುವ ಗುಂಡಿ ಇರುವ ಪ್ಯಾಡನ್ನೇ ಕೊಳ್ಳಬೇಕು. ತೇವದ ಗಾಳಿಯಿಂದ ಅಪಾಯವಿಲ್ಲವೇ ಎಂದು ಕೇಳುವವರಿದ್ದಾರೆ. ಓಡುತ್ತಿರುವ ಲ್ಯಾಪ್‌ಟಾಪ್ ಗಾಳಿಗಿಂತ ಬೆಚ್ಚಗಿರುವುದರಿಂದ ಅದರೊಳಗೆ ನೀರು ಕಟ್ಟುವುದಿಲ್ಲ. ಆದರೆ ವಿದ್ಯುತ್ ಹರಿದಾಗ ಒಂದು ಮುಖ ತಣ್ಣಗಾಗುವ ಪೆಲ್ಟಿಯರ್ ತಟ್ಟೆಯಿಂದ ತಣಿಸುವ ಸಾಧನಗಳನ್ನು ಮಲೆನಾಡಿನ ಮಳೆಗಾಲದಲ್ಲಿ ಬಳಸಲೇಬಾರದು: ಗಾಳಿಯ ತೇವ ಶೇಕಡಾ ನೂರರ ಹತ್ತಿರವಿರುವಾಗ ತಟ್ಟೆ ಕೋಣೆಗಿಂತ ಎರಡು ಡಿಗ್ರಿ ತಣ್ಣಗಾದರೂ ಅದರ ಮೇಲೆ ಹನಿ ಮೂಡುತ್ತದೆ.

ಪ್ರೊಸೆಸರಿನ ವೋಲ್ಟೇಜ್ ಇಳಿಸಿ ತಾಪ ತಗ್ಗಿಸುವ ದಾರಿ ನನ್ನ ಲ್ಯಾಪ್‌ಟಾಪಿನಲ್ಲಿ ಮುಚ್ಚಿದೆ. 2019ರಲ್ಲಿ ಈ ವೋಲ್ಟೇಜ್ ಇಳಿಸುವ ಸೌಲಭ್ಯವನ್ನೇ ದುರುಪಯೋಗಕ್ಕೆ ಒಡ್ಡುವ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ಲೋಪ ಬಯಲಾದ ಮೇಲೆ ಅನೇಕ ತಯಾರಕರು ಅದಕ್ಕೆ ಬೀಗ ಹಾಕಿದ್ದಾರೆ. ಅದರ ಬದಲಿಗೆ ಆಟವನ್ನು ಸೆಕೆಂಡಿಗೆ 60 ಫ್ರೇಮಿಗೆ ಕಟ್ಟಿಹಾಕಿದ್ದೇನೆ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು ಶೇಕಡಾ 99ಕ್ಕೆ ಇಳಿಸಿದರೆ ಟರ್ಬೊ, ಅಂದರೆ ಮೂಲ ವೇಗವನ್ನು ಮೀರಿ ಓಡುವುದು, ನಿಲ್ಲುತ್ತದೆ, ಇಪ್ಪತ್ತು ಡಿಗ್ರಿಯವರೆಗೂ ತಾಪ ಬೀಳುತ್ತದೆ. ಆಟಕ್ಕೆ ಇದು ಸಾಕು, ರೆಂಡರ್‌ಗೆ ಸಾಲದು.

ಐದು ಫ್ಯಾನಿನ ಪ್ಯಾಡ್ ಈಗ ಮಾರ್ಚ್‌ನಿಂದ ಮೊದಲ ಮಳೆಯವರೆಗೆ ಮಾತ್ರ ಮೇಜಿನ ಮೇಲಿರುತ್ತದೆ, ಉಳಿದಂತೆ ದಬ್ಬೆಯ ತುಂಡುಗಳೇ. ಮೇ ತಿಂಗಳ ಮಧ್ಯಾಹ್ನ ರೆಂಡರ್ ಹಾಕಲೇಬೇಕಾದ ತುರ್ತು ಬಂದರೆ ಲ್ಯಾಪ್‌ಟಾಪನ್ನು ಕೆಳಗಿನ ಮಣ್ಣುಗೋಡೆಯ ನಡುಮನೆಗೆ ತರುತ್ತೇನೆ. ಅಲ್ಲಿ ಉಪ್ಪರಿಗೆಗಿಂತ ಐದಾರು ಡಿಗ್ರಿ ಕಡಿಮೆ.